‘ಎನಿವನ್’ ಅಂದರೆ ಯಾರು?

(ಬಡಾವಣೆಯ ವಾಚನಾಲಯದಲ್ಲಿ ಕನ್ನಡ ಕಾರ್ಯಕರ್ತರ ಮುಂದೆ ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು ಆಡಿದ ಮಾತಿನ ಬರಹರೂಪ)



ಈ ಸಭೆಗೆ ಬರಬೇಕೆಂದು ನಿಮ್ಮ ಗೆಳೆಯರು ಕರೆದಾಗ ನಾನು ಅವರನ್ನೇ ಕೇಳಿದೆ: ‘‘31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದವನು ನಾನು. ಕನ್ನಡದ ಸಭೆಯಲ್ಲಿ ನನಗೇನಪ್ಪಾ ಕೆಲಸ?’’ ಅವರು ನಕ್ಕರು. ‘‘ಇಂಗ್ಲಿಷನ್ನು ಬೈಯುವುದಕ್ಕೆ ನಮ್ಮಲ್ಲಿ ಬೇಕಾದಷ್ಟು ಜನ ಇದ್ದೇವೆ ಸಾರ್. ಬಲ್ಲವರು ಒಬ್ಬರು ಮಾತಾಡಲಿ ಅಂತ ಕರೆಯುತ್ತಿದ್ದೇವೆ’’ ಎಂದರು. ಆ ಮಾತು ನನಗೆ ಹಿಡಿಸಿತು. ಬೈಯುವುದು ಸುಲಭ. ಬೈದರೆ ಗಂಟಲು ನೋಯುತ್ತದೆಯೇ ಹೊರತು ಎದುರಿನ ಅರ್ಜಿ ಫಾರಂ ಕನ್ನಡಕ್ಕೆ ಬರುವುದಿಲ್ಲ.

ಇವತ್ತು ನಾನು ಇಡೀ ಇಂಗ್ಲಿಷ್ ಭಾಷೆಯ ಮೇಲೆ ಮಾತಾಡುವುದಿಲ್ಲ. ಒಂದೇ ಒಂದು ಪದ. ಮೂರಕ್ಷರದ ಪದ. ‘ಎನಿ’. ಅದರ ಜೊತೆಗೆ ಅದರ ಮಕ್ಕಳಾದ ‘ಎನಿವನ್’, ‘ಎನಿಬಡಿ’, ‘ಎನಿಥಿಂಗ್’. ವ್ಯಾಕರಣದವರು ಇವುಗಳನ್ನು ಅನಿಶ್ಚಿತ ಸರ್ವನಾಮಗಳು ಎನ್ನುತ್ತಾರೆ. ಇಂಥವನೇ ಎಂದು ಬೆರಳು ಮಾಡಿ ತೋರಿಸದೆ ಒಬ್ಬನನ್ನು ಹೇಳುವ ಪದ, ಅಷ್ಟೇ. ‘ಇದೇನು ಮಹಾ, ಎಂಟನೇ ಕ್ಲಾಸಿನ ಪಾಠ’ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು, ನನ್ನ ಅತ್ತಿಗೆಯ ಬಳೆ ಅಡವಿಗೆ ಹೋಗುವವರೆಗೆ.

ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಅಣ್ಣ, ಅತ್ತಿಗೆ, ಅವರ ಮಗ, ಈ ಮೂವರ ಹೆಸರಿನಲ್ಲಿ ಒಂದು ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆದರು. ಯಾವ ಬ್ಯಾಂಕು ಎಂದು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಆ ಕಾಲಕ್ಕೆ ಖಾತೆ ತೆರೆಯಲು ಹಳೆಯ ಖಾತೆದಾರರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಹಾಕಿದವನು ನಾನೇ. ಫಾರಂ ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ ಸಣ್ಣ ಸಣ್ಣ ಚೌಕಗಳು. ಖಾತೆಯಿಂದ ಹಣ ತೆಗೆಯುವ ಅಧಿಕಾರ ಯಾರಿಗೆ ಎಂಬುದನ್ನು ಅಲ್ಲಿ ಗುರುತು ಹಾಕಬೇಕು. ಒಂದು ಚೌಕದ ಎದುರು ‘ಐದರ್ ಆರ್ ಸರ್ವೈವರ್’, ಇನ್ನೊಂದರ ಎದುರು ‘ಎನಿವನ್ ಆರ್ ಸರ್ವೈವರ್’, ಮತ್ತೊಂದರ ಎದುರು ‘ಜಾಯಿಂಟ್ಲಿ’. ಗುಮಾಸ್ತರು ತಲೆ ಎತ್ತದೆ ಕೇಳಿದರು: ‘‘ಜಂಟಿ ತಾನೇ?’’ ಅಣ್ಣ ಹೇಳಿದ: ‘‘ಹೌದು ಸ್ವಾಮಿ, ಜಂಟಿ.’’ ಅವನು ಹೇಳಿದ್ದು ಜಂಟಿ ಖಾತೆ ಎಂದು. ಅವರು ಗುರುತು ಹಾಕಿದ್ದು ‘ಮೂವರೂ ಒಟ್ಟಿಗೆ ಸಹಿ ಮಾಡಿದರೆ ಮಾತ್ರ ಹಣ’ ಎಂಬ ಚೌಕಕ್ಕೆ. ಇಂಗ್ಲಿಷ್ ಮೇಷ್ಟ್ರಾದ ನಾನು ಪಕ್ಕದಲ್ಲೇ ನಿಂತು ನನ್ನ ಸಹಿಯನ್ನು ಚೆನ್ನಾಗಿ ಕಾಣುವ ಹಾಗೆ ಬರೆಯುತ್ತಿದ್ದೆ. ಮೇಲಿನ ಸಾಲು ಓದಲಿಲ್ಲ.

ಕೆಲವು ವರ್ಷಗಳು ತೊಂದರೆ ಇರಲಿಲ್ಲ. ದುಡ್ಡು ಕಟ್ಟುವುದಕ್ಕೆ ಯಾರ ಸಹಿಯೂ ಬೇಡವಲ್ಲ! ಅಷ್ಟರಲ್ಲಿ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಆಡುತ್ತಿರಲಿಲ್ಲ. ಮಗ ಪುಣೆಯಲ್ಲಿ ಕೆಲಸಕ್ಕಿದ್ದ. ಅತ್ತಿಗೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದರು. ಆಸ್ಪತ್ರೆಗೆ ಕಟ್ಟಬೇಕಾದ ಹಣ ಅವರ ಹೆಸರಿನಲ್ಲೇ ಇದೆ, ಆದರೆ ಅವರ ಒಂದು ಸಹಿಗೆ ಬರುವುದಿಲ್ಲ. ಕೊನೆಗೆ ಬ್ಯಾಂಕಿನವರು ಮನೆಗೆ ಬಂದು, ಇಬ್ಬರು ಸಾಕ್ಷಿಗಳ ಮುಂದೆ ಅಣ್ಣನ ಹೆಬ್ಬೆಟ್ಟಿನ ಗುರುತು ಪಡೆದು, ಮಗ ಪುಣೆಯಿಂದ ಬಂದು ಸಹಿ ಹಾಕಿ, ಹಣ ಕೈಗೆ ಬರುವ ಹೊತ್ತಿಗೆ 19 ದಿನ. ಅಷ್ಟರೊಳಗೆ ಅತ್ತಿಗೆಯ ಎರಡು ಜೊತೆ ಬಳೆ ಅಡವಿಟ್ಟಾಗಿತ್ತು. ಆಮೇಲೆ ಒಂದು ದಿನ ಅವರು ನನ್ನನ್ನು ಕರೆದು ಸಿಟ್ಟಿಲ್ಲದೆ ಕೇಳಿದರು: ‘‘ನೀನು ಇಂಗ್ಲಿಷ್ ಮೇಷ್ಟ್ರಲ್ಲವೇನಪ್ಪಾ? ಆವತ್ತು ಒಂದು ಸಾರಿ ಓದಿ ಹೇಳಬಹುದಿತ್ತಲ್ಲ.’’

ಬಂಧುಗಳೇ, ಸಿಟ್ಟಿನಿಂದ ಕೇಳಿದ್ದರೆ ಉತ್ತರ ಹುಡುಕಬಹುದಿತ್ತು.

ಆವತ್ತಿನಿಂದ ಈ ‘ಎನಿವನ್’ ನನ್ನ ಬೆನ್ನು ಬಿಟ್ಟಿಲ್ಲ. ‘ಎನಿವನ್ ಆರ್ ಸರ್ವೈವರ್’ ಎಂಬುದನ್ನು ಗುಮಾಸ್ತರು ಕನ್ನಡದಲ್ಲಿ ಹೇಗೆ ಕೇಳಬೇಕಿತ್ತು? ‘‘ನಿಮ್ಮ ಮೂವರಲ್ಲಿ ಯಾರು ಬೇಕಾದರೂ ಒಬ್ಬರೇ ಬಂದು ಹಣ ತೆಗೆಯಬಹುದೇ, ಇಲ್ಲವೇ ಮೂವರೂ ಸಹಿ ಹಾಕಲೇಬೇಕೇ?’’ ಹೀಗೆ ಕೇಳಿದ್ದರೆ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ತಡವರಿಸದೆ ಉತ್ತರ ಕೊಡುತ್ತಿದ್ದಳು. ಖಾತೆದಾರರು ಇಬ್ಬರೇ ಆಗಿದ್ದರೆ ‘ಐದರ್’, ಮೂವರು ಅಥವಾ ಹೆಚ್ಚು ಮಂದಿ ಇದ್ದರೆ ‘ಎನಿವನ್’. ‘ಸರ್ವೈವರ್’ ಎಂದರೆ ಬದುಕುಳಿದವರು. ಇಷ್ಟೇ ಅದರ ಗುಟ್ಟು. ಇದನ್ನು ತಿಳಿಯಲು ಬಿ.ಎ. ಪದವಿ ಬೇಡ. ಕನ್ನಡದಲ್ಲಿ ಕೇಳುವವರೊಬ್ಬರು ಬೇಕು.

ಈಗ ಸ್ವಲ್ಪ ಪಾಠ ಮಾಡುತ್ತೇನೆ. ಮೇಷ್ಟ್ರ ಚಟ, ಕ್ಷಮಿಸಬೇಕು.

‘ಎನಿ’ ಎಂಬುದು ಇಂಗ್ಲಿಷಿನಲ್ಲಿ ಒಂದೇ ಪದವಾದರೂ ನಾಲ್ಕು ಮನೆಗಳಲ್ಲಿ ದುಡಿಯುವ ಆಳು. ಒಂದನೆಯದು, ಪ್ರಶ್ನೆ ಮತ್ತು ಷರತ್ತಿನ ಮನೆ. ‘ಇಫ್ ಎನಿವನ್ ಕಮ್ಸ್’ ಎಂದರೆ ಯಾರಾದರೂ ಬಂದರೆ. ಎರಡನೆಯದು, ಇಲ್ಲ ಎನ್ನುವ ಮನೆ. ‘ಐ ಡಿಡ್ ನಾಟ್ ಸೀ ಎನಿವನ್’ ಎಂದರೆ ನಾನು ಯಾರನ್ನೂ ನೋಡಲಿಲ್ಲ. ಮೂರನೆಯದು, ಆಯ್ಕೆಯ ಮನೆ. ‘ಎನಿವನ್ ಕ್ಯಾನ್ ಕಮ್’ ಎಂದರೆ ಯಾರು ಬೇಕಾದರೂ ಬರಬಹುದು. ನಾಲ್ಕನೆಯದು, ವಿನಾಯಿತಿ ಇಲ್ಲದ ಮನೆ. ‘ಎನಿವನ್ ಹೂ ಬ್ರೇಕ್ಸ್ ದಿ ಲಾ’ ಎಂದರೆ ಕಾನೂನು ಮುರಿದವರು ಯಾರೇ ಆಗಲಿ. ಪದ ಅದೇ, ಕೆಲಸ ಬೇರೆ. ಯಾವ ಮನೆಯಲ್ಲಿದೆ ಎಂಬುದನ್ನು ಸುತ್ತಲಿನ ಮಾತು ನೋಡಿ ತಿಳಿಯಬೇಕು.

ಕನ್ನಡದಲ್ಲಿ ನೋಡಿ. ‘ಯಾರು’ ಎಂಬ ಒಂದೇ ಪ್ರಶ್ನೆಯ ಪದ. ಅದರ ಬಾಲ ಬದಲಾದರೆ ಅರ್ಥ ಬದಲು. ಒಂದು ಕಾಗದ ಕೈಯಲ್ಲಿದೆ ಎಂದುಕೊಳ್ಳಿ. ‘ಯಾರಿಗೋ ಕೊಟ್ಟೆ’ ಎಂದರೆ ಕೊಟ್ಟಿದ್ದು ನಿಜ, ಪಡೆದವರ ಗುರುತು ತಿಳಿಯದು. ‘ಯಾರಿಗೂ ಕೊಡಬೇಡ’ ಎಂದರೆ ಬಾಗಿಲು ಪೂರ್ತಿ ಮುಚ್ಚಿತು. ‘ಯಾರಿಗಾದರೂ ಕೊಡು’ ಎಂದರೆ ಒಬ್ಬರಿಗೆ ತಲುಪಿದರೆ ಸಾಕು. ‘ಯಾರಿಗೆ ಬೇಕಾದರೂ ಕೊಡು’ ಎಂದರೆ ಆಯ್ಕೆ ನಿನ್ನದು. ‘ಯಾರಿಗೇ ಕೊಟ್ಟರೂ ಚೀಟಿ ಬರೆಸಿಕೊ’ ಎಂದರೆ ವಿನಾಯಿತಿ ಒಬ್ಬರಿಗೂ ಇಲ್ಲ. ಐದು ಬಾಲ, ಐದು ಅರ್ಥ. ‘ಏನು’, ‘ಎಲ್ಲಿ’, ‘ಯಾವಾಗ’, ‘ಎಷ್ಟು’ ಎಂಬ ಪದಗಳಿಗೂ ಇದೇ ಬಾಲಗಳನ್ನು ಹಚ್ಚಿ ನೋಡಿ: ಎಲ್ಲೋ ಇದೆ, ಎಲ್ಲೂ ಇಲ್ಲ, ಎಲ್ಲಾದರೂ ಇರಲಿ, ಎಲ್ಲಿ ಬೇಕಾದರೂ ಇಡು, ಎಲ್ಲೇ ಇಟ್ಟರೂ ಬೀಗ ಹಾಕು. ನಾಲ್ಕು ವರ್ಷದ ಮಗು ಇದನ್ನು ತಪ್ಪಿಲ್ಲದೆ ಆಡುತ್ತದೆ. ‘ಕನ್ನಡದಲ್ಲಿ ಖಚಿತವಾಗಿ ಹೇಳಲು ಬರುವುದಿಲ್ಲ, ಕಾನೂನಿಗೆ, ಕಚೇರಿಗೆ ಇಂಗ್ಲಿಷೇ ಬೇಕು’ ಎಂದು ವಾದಿಸುವ ಮಹನೀಯರು ನಿಮಗೆ ಸಿಕ್ಕರೆ ಈ ಐದು ಬಾಲಗಳನ್ನು ಅವರ ಮುಂದಿಡಿ. ಜಗಳ ಬೇಡ. ‘ಇದನ್ನು ಒಂದೊಂದೇ ಇಂಗ್ಲಿಷಿಗೆ ಹೇಳಿ ಸಾರ್’ ಎನ್ನಿ, ಸಾಕು.

ಹಾಗೆಂದು ಇಂಗ್ಲಿಷಿಗೆ ದಾರಿಯೇ ಇಲ್ಲ ಎನ್ನುವುದು ಸುಳ್ಳಾಗುತ್ತದೆ. ‘ಸಮ್‌ವನ್’, ‘ನೋ ವನ್’, ‘ಎವೆರಿವನ್’, ‘ಹೂಎವರ್’ ಎಲ್ಲವೂ ಅಲ್ಲಿವೆ. ಅದನ್ನು ತಾಯಿನುಡಿಯಾಗಿ ಆಡುವವರಿಗೆ ದನಿಯೂ ಇದೆ. ‘ಹಿ ಡಸ್ ನಾಟ್ ಟಾಕ್ ಟು ಎನಿವನ್’ ಎಂಬ ಒಂದೇ ವಾಕ್ಯವನ್ನು ದನಿ ಇಳಿಸಿ ಹೇಳಿದರೆ ‘ಅವನು ಯಾರೊಂದಿಗೂ ಮಾತಾಡುವುದಿಲ್ಲ’ ಎಂಬ ಅರ್ಥ. ಕೊನೆಯ ಪದವನ್ನು ಒತ್ತಿ, ದನಿ ಏರಿಸಿ ಇಳಿಸಿ ಹೇಳಿದರೆ ‘ಅವನು ಸಿಕ್ಕಸಿಕ್ಕವರ ಜೊತೆ ಮಾತಾಡುವವನಲ್ಲ’ ಎಂಬ ಅರ್ಥ. ಮೊದಲನೆಯವನು ಮೂಕಬಸವ, ಎರಡನೆಯವನು ಗತ್ತಿನ ಮನುಷ್ಯ. ಬಾಯಿಮಾತಿನಲ್ಲಿ ಇದು ತಿಳಿಯುತ್ತದೆ. ಆದರೆ ಕಾಗದಕ್ಕೆ ದನಿ ಇಲ್ಲ. ನಮ್ಮ ಜನ ಇಂಗ್ಲಿಷನ್ನು ಎದುರಿಸುವುದು ಹೆಚ್ಚಾಗಿ ಕಾಗದದ ಮೇಲೆ. ನೋಟೀಸು, ಫಾರಂ, ಕರಾರು ಪತ್ರ. ತೊಡಕು ಇರುವುದು ಅಲ್ಲಿ.

ನಮ್ಮ ಮಕ್ಕಳು ಮಾಡುವ ತಪ್ಪುಗಳಲ್ಲೂ ಒಂದು ನ್ಯಾಯವಿದೆ. ‘ಯಾರೂ ಬರಲಿಲ್ಲ’ ಎಂಬುದನ್ನು ಮಗು ‘ಎನಿಬಡಿ ಡಿಡ್ ನಾಟ್ ಕಮ್’ ಎಂದು ಬರೆಯುತ್ತದೆ. ಪದಕ್ಕೆ ಪದ ಸರಿಯಾಗಿಯೇ ಇದೆ. ಆದರೆ ಇಂಗ್ಲಿಷಿನಲ್ಲಿ ‘ಇಲ್ಲ’ ಎನ್ನುವ ಪದ ಮುಂದೆ ಬಂದ ಮೇಲೆಯೇ ‘ಎನಿ’ ಬರಬೇಕು. ಕರ್ತೃವಿನ ಜಾಗದಲ್ಲಿ ಮೊದಲೇ ಬಂದು ಕೂರಬೇಕಾದರೆ ‘ನೋಬಡಿ ಕೇಮ್’ ಎನ್ನಬೇಕು. ಕನ್ನಡದಲ್ಲಿ ‘ಇಲ್ಲ’ ಬರುವುದು ಕೊನೆಯಲ್ಲಿ, ಆದ್ದರಿಂದ ಮಗುವಿಗೆ ಈ ಎಡವಟ್ಟು. ಹಾಗೆಯೇ ‘ಎಲ್ಲರೂ ಇದ್ದಾರೆ’ ಎಂಬುದನ್ನು ‘ಎವೆರಿವನ್ ಆರ್’ ಎಂದು ಬರೆಯುತ್ತದೆ. ನಮ್ಮ ‘ಎಲ್ಲರೂ’ ಬಹುವಚನ. ಅವರ ‘ಎವೆರಿವನ್’ ಜನರೆಲ್ಲರನ್ನೂ ಹೇಳಿದರೂ ಒಬ್ಬೊಬ್ಬರಾಗಿ ಎಣಿಸುವ ಏಕವಚನ, ಆದ್ದರಿಂದ ‘ಎವೆರಿವನ್ ಈಸ್’. ಇನ್ನೊಂದು, ‘ಎನಿವನ್’ ಎಂದು ಕೂಡಿಸಿ ಬರೆದರೆ ಮನುಷ್ಯರಿಗೆ ಮಾತ್ರ. ‘ಎನಿ ವನ್’ ಎಂದು ಬಿಡಿಸಿ ಬರೆದರೆ ಹಲವರಲ್ಲಿ ಅಥವಾ ಹಲವುಗಳಲ್ಲಿ ಯಾವುದಾದರೂ ಒಂದು, ವಸ್ತುವಿಗೂ ಸಲ್ಲುತ್ತದೆ. ನಾನು ಎಷ್ಟೋ ವರ್ಷ ಈ ತಪ್ಪುಗಳಿಗೆ ಕೆಂಪು ಶಾಯಿಯ ಗೆರೆ ಎಳೆದು ಅಂಕ ಕಳೆದೆ. ‘ನಿನ್ನ ಕನ್ನಡದಲ್ಲಿ ಹೀಗಿದೆ, ಅವರಲ್ಲಿ ಹಾಗಿದೆ’ ಎಂದು ಎರಡು ನಿಮಿಷ ಕನ್ನಡದಲ್ಲಿ ತಿಳಿಸಿದ್ದರೆ ಆ ಮಕ್ಕಳು ಆ ತಪ್ಪನ್ನು ಮತ್ತೆ ಮಾಡುತ್ತಿರಲಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಯುವುದಕ್ಕೂ ಕನ್ನಡವೇ ಮೆಟ್ಟಿಲು. ಇದನ್ನು ತಿಳಿಯಲು ನನಗೆ ಅರ್ಧ ನೌಕರಿಯೇ ಹಿಡಿಯಿತು.

‘ಎನಿವನ್’ ಬಂದ ಮೇಲೆ ಮುಂದಿನ ಪದದಲ್ಲೂ ಇಂಗ್ಲಿಷಿಗೆ ಒಂದು ಸಂಕಟವಿದೆ. ‘ಯಾರಾದರೂ ತಮ್ಮ ಕೊಡೆ ಬಿಟ್ಟುಹೋಗಿದ್ದರೆ’ ಎನ್ನುತ್ತೇವೆ ನಾವು. ‘ತಮ್ಮ’ ಎಂಬುದು ಗಂಡಸಿಗೂ ಸರಿ, ಹೆಂಗಸಿಗೂ ಸರಿ. ಇಂಗ್ಲಿಷಿನಲ್ಲಿ ‘ಹಿಸ್’ ಎಂದರೆ ಗಂಡಸಿನ ಕೊಡೆ, ‘ಹರ್’ ಎಂದರೆ ಹೆಂಗಸಿನದು. ‘ದೇರ್’ ಎಂದರೆ ಹಳೆಯ ಪಂಡಿತರು ‘ಏಕವಚನಕ್ಕೆ ಬಹುವಚನವೇ?’ ಎಂದು ಹುಬ್ಬು ಗಂಟಿಕ್ಕುತ್ತಿದ್ದರು. ಇಂದು ಅದನ್ನೇ ಬಹಳ ಜನ ಒಪ್ಪಿದ್ದಾರೆ. ಆದರೆ ಕಾನೂನಿನವರು ‘ಹಿಸ್’ ಎಂಬುದನ್ನೇ ಹಿಡಿದರು. ಗಂಡಸಿನ ಪದದಲ್ಲಿ ಹೆಂಗಸೂ ಸೇರಿದ್ದಾಳೆ ಎಂದು ಬ್ರಿಟನ್ನಿನ ಪಾರ್ಲಿಮೆಂಟು 1850ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೇ ಕಲಂ ಅದನ್ನೇ ಹೇಳುತ್ತದೆ. ಸೇರಿದ್ದಾಳೆ ಎಂದು ಬರೆದದ್ದೇನೋ ಸರಿ, ಸೇರಿಸಿಕೊಂಡರೇ? 1916ರಲ್ಲಿ ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ ವಕೀಲಿಗೆ ಹೆಸರು ನೋಂದಾಯಿಸಿ ಎಂದು ಅರ್ಜಿ ಹಾಕಿದರು. ಕಲ್ಕತ್ತಾ ಹೈಕೋರ್ಟು ಒಪ್ಪಲಿಲ್ಲ. ಆ ಕಾಯ್ದೆಯ ‘ಹಿ’ ಎಂಬಲ್ಲಿ ಹೆಂಗಸು ಬರುವುದಿಲ್ಲವೆಂಬ ತೀರ್ಮಾನವಾಯಿತು. ಹೆಂಗಸರೂ ವಕೀಲರಾಗಬಹುದು ಎಂದು ಬಾಯಿಬಿಟ್ಟು ಹೇಳಲು 1923ರಲ್ಲಿ ಬೇರೆಯೇ ಒಂದು ಕಾಯ್ದೆ ಬರಬೇಕಾಯಿತು. ಒಂದು ಸರ್ವನಾಮ ಓದಿಗೆ, ಅನ್ನಕ್ಕೆ ಅಡ್ಡ ನಿಂತದ್ದು ಹೀಗೆ.

ಇದು ನೂರು ವರ್ಷದ ಹಿಂದಿನ ಮಾತಾಯಿತು ಎನ್ನಬೇಡಿ. ನಮ್ಮೆಲ್ಲರ ಜೇಬಿಗೆ ತಾಗಿದ ಒಂದು ಸಂಗತಿ ಹೇಳುತ್ತೇನೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಮೌಲ್ಯದಲ್ಲಿ ಶೇಕಡಾ 86ರಷ್ಟು ಅವೇ ಆಗಿದ್ದವು. ಯಾವ ಕಾನೂನಿನ ಬಲದಿಂದ? 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಮಿನ 2ನೇ ಉಪಕಲಮಿನಿಂದ. ಬ್ಯಾಂಕಿನ ಕೇಂದ್ರೀಯ ಮಂಡಳಿ ಶಿಫಾರಸು ಮಾಡಿದರೆ ‘ಎನಿ’ ಮುಖಬೆಲೆಯ ‘ಎನಿ’ ಸರಣಿಯ ನೋಟು ಚಲಾವಣೆಗೆ ಸಲ್ಲದು ಎಂದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಬಹುದು ಎಂಬುದು ಅದರ ಸಾರ.

ಕೋರ್ಟಿಗೆ ಹೋದವರು ಕೇಳಿದ್ದು ಇದು: ಇಲ್ಲಿ ‘ಎನಿ’ ಎಂದರೆ ಯಾವುದೋ ಒಂದು ಗೊತ್ತಾದ ಸರಣಿಯೇ, ಇಲ್ಲವೇ ಇರುವ ಎಲ್ಲ ಸರಣಿಗಳೇ? 1946ರಲ್ಲಿ ದೊಡ್ಡ ನೋಟುಗಳನ್ನು ರದ್ದು ಮಾಡಿದಾಗ ಸುಗ್ರೀವಾಜ್ಞೆ ಹೊರಟಿತ್ತು. 1978ರಲ್ಲಿ ಸುಗ್ರೀವಾಜ್ಞೆ ಹೊರಟು ಆಮೇಲೆ ಕಾಯ್ದೆಯೂ ಬಂತು. ಎಲ್ಲ ಸರಣಿಗಳನ್ನೂ ಒಟ್ಟಿಗೆ ರದ್ದು ಮಾಡಲು ಆಗ ಬೇರೆ ಕಾನೂನು ಬೇಕಾಗಿದ್ದರೆ ಈಗ ಒಂದು ಅಧಿಸೂಚನೆ ಹೇಗೆ ಸಾಕು? ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಕೇಳಿ 2023ರ ಜನವರಿ 2ರಂದು ತೀರ್ಪು ಕೊಟ್ಟಿತು. ನಾಲ್ವರು ‘ಎನಿ’ ಎಂಬುದನ್ನು ಕಿರಿದಾಗಿ ಓದಬಾರದು, ಅದರಲ್ಲಿ ‘ಎಲ್ಲ’ ಎಂಬುದೂ ಅಡಕವಾಗಿದೆ ಎಂದರು. ಒಬ್ಬರು, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಭಿನ್ನ ತೀರ್ಪು ಬರೆದರು. ಇಲ್ಲಿ ‘ಎನಿ’ ಎಂದರೆ ಗೊತ್ತುಮಾಡಿದ ಸರಣಿ, ಅದನ್ನು ‘ಎಲ್ಲ’ ಎಂದು ಓದಲಾಗದು ಎಂದರು. ವಾದದಲ್ಲಿ ಬೇರೆ ಅಂಶಗಳೂ ಇದ್ದವು, ಅವನ್ನು ವಕೀಲರಿಗೆ ಬಿಡುತ್ತೇನೆ. ಬಹುಮತದಿಂದ ಅಧಿಸೂಚನೆ ಉಳಿಯಿತು.

ಆ ಪೀಠದಲ್ಲಿದ್ದ ನ್ಯಾಯಮೂರ್ತಿಗಳಾದ ಎಸ್. ಅಬ್ದುಲ್ ನಜೀರ್, ಎ.ಎಸ್. ಬೋಪಣ್ಣ, ಬಿ.ವಿ. ನಾಗರತ್ನ ಮೂವರೂ ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು. ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಯಾರು ಸರಿ, ಯಾರು ತಪ್ಪು ಎಂದು ನಾನು ಹೇಳುತ್ತಿಲ್ಲ. ಇಷ್ಟು ದೊಡ್ಡ ವಿದ್ವಾಂಸರು ಒಂದೇ ಪದವನ್ನು ಎರಡು ಬಗೆಯಾಗಿ ಓದಬಹುದಾದರೆ, ಕೌಂಟರಿನ ಮುಂದೆ ಪೆನ್ನಿಗೆ ಕಟ್ಟಿದ ದಾರ ಹಿಡಿದು ನಿಂತ ನನ್ನ ಅತ್ತಿಗೆ ಏನು ಮಾಡಬೇಕಿತ್ತು? ಅದೇ ಕಲಂ ಕನ್ನಡದಲ್ಲಿ ಹುಟ್ಟಿದ್ದರೆ, ಬರೆಯುವವನು ಮೊದಲೇ ಮನಸ್ಸು ಗಟ್ಟಿ ಮಾಡಬೇಕಾಗುತ್ತಿತ್ತು: ‘ಯಾವುದಾದರೂ ಒಂದು ಸರಣಿ’ ಎನ್ನುವುದೋ, ‘ಯಾವ ಸರಣಿಯೇ ಆಗಲಿ, ಎಲ್ಲವೇ ಆಗಲಿ’ ಎನ್ನುವುದೋ? ಕನ್ನಡದಲ್ಲಿ ವ್ಯಾಜ್ಯವೇ ಬರುವುದಿಲ್ಲ ಎಂದಲ್ಲ. ನಮ್ಮ ಭಾಷೆಯಲ್ಲೂ ಬೇಕಾದಷ್ಟು ಮಸುಕು ಪದಗಳಿವೆ. ಈ ಒಂದು ಪದದ ಮಟ್ಟಿಗೆ ಕನ್ನಡ ತನ್ನ ಬಾಲದಿಂದಲೇ ಉತ್ತರ ಕೇಳುತ್ತದೆ ಎಂದಷ್ಟೇ.

ಇಂಗ್ಲಿಷಿನಲ್ಲಿ ಬರೆಯುವಾಗಲೂ ಎಚ್ಚರವಿದ್ದರೆ ಮಸುಕು ಕಳೆಯಬಹುದು. ಅದಕ್ಕೆ ಸಾಕ್ಷಿ ನಮ್ಮ ಸಂವಿಧಾನವೇ. 345ನೇ ಅನುಚ್ಛೇದ ನೋಡಿ. ರಾಜ್ಯದ ವಿಧಾನಮಂಡಲವು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ‘ಯಾವುದಾದರೂ ಒಂದನ್ನು ಅಥವಾ ಹೆಚ್ಚನ್ನು’, ಇಲ್ಲವೇ ಹಿಂದಿಯನ್ನು, ಆಡಳಿತದ ‘ಎಲ್ಲ ಅಥವಾ ಯಾವುದಾದರೂ’ ಕೆಲಸಗಳಿಗೆ ಕಾನೂನಿನ ಮೂಲಕ ಒಪ್ಪಿಕೊಳ್ಳಬಹುದು ಎಂಬುದು ಅದರ ಭಾವ. ಅಲ್ಲಿ ಬರೀ ‘ಎನಿ’ ಎಂದು ಬಿಟ್ಟಿಲ್ಲ. ‘ಆಲ್ ಆರ್ ಎನಿ’ ಎಂದಿದೆ, ‘ಎನಿ ವನ್ ಆರ್ ಮೋರ್’ ಎಂದಿದೆ. ಸಂದೇಹಕ್ಕೆ ಜಾಗ ಇಲ್ಲ. ಈ ಅಧಿಕಾರದಿಂದಲೇ 1963ರ ಮೈಸೂರು ರಾಜಭಾಷಾ ಅಧಿನಿಯಮ ಬಂದು ಕನ್ನಡ ನಮ್ಮ ಆಡಳಿತ ಭಾಷೆಯಾಯಿತು. 15ನೇ ಅನುಚ್ಛೇದದಲ್ಲೂ ಹಾಗೇ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಎಂದು ಪಟ್ಟಿ ಮಾಡಿ ಕೊನೆಗೆ ‘ಆರ್ ಎನಿ ಆಫ್ ದೆಮ್’ ಎಂದಿದೆ. ಐದೂ ಕಾರಣ ಒಟ್ಟಿಗೆ ಇರಬೇಕಿಲ್ಲ, ಅವುಗಳಲ್ಲಿ ಒಂದೇ ಒಂದರ ನೆಪ ಹೇಳಿದರೂ ಸರ್ಕಾರದ ತಾರತಮ್ಯ ನಿಷಿದ್ಧ ಎಂದರ್ಥ. ಎಷ್ಟು ಸಣ್ಣ ಮಾತು, ಎಷ್ಟು ದೊಡ್ಡ ಕಾವಲು!

ನಮಗೆಲ್ಲ ಬಾಯಿಪಾಠ ಆಗಬೇಕಾದದ್ದು 350ನೇ ಅನುಚ್ಛೇದ. ಅದರಲ್ಲಿ ‘ಎನಿ’ ಮೂರು ಸಲ ಬರುತ್ತದೆ. ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಕೇಳಿ. ಪ್ರತಿಯೊಬ್ಬರಿಗೂ, ತಮ್ಮ ಕುಂದುಕೊರತೆ ಯಾವುದೇ ಆಗಿರಲಿ, ಅದನ್ನು ಸರಿಪಡಿಸಿ ಎಂದು, ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಸಂದರ್ಭಕ್ಕೆ ತಕ್ಕಂತೆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಅರ್ಜಿ ಕೊಡುವ ಹಕ್ಕಿದೆ. ಮೊದಲ ಎರಡು ‘ಎನಿ’ ವಿನಾಯಿತಿ ಇಲ್ಲದ ಮನೆಯವು. ಮೂರನೆಯದು ಆಯ್ಕೆಯ ಮನೆಯದು. ಆಯ್ಕೆ ಯಾರದು? ಅರ್ಜಿ ಕೊಡುವವರದು, ತೆಗೆದುಕೊಳ್ಳುವವರದ್ದಲ್ಲ. ನಾನು ಓದುವ ಬಗೆ ಇದು. ‘ಕನ್ನಡದಲ್ಲಿದೆ, ಇಂಗ್ಲಿಷಿನಲ್ಲಿ ಬರೆದು ತನ್ನಿ’ ಎಂದು ನಮ್ಮ ನಾಡಿನ ಸರ್ಕಾರಿ ಮೇಜಿನಿಂದ ನಿಮ್ಮ ಅರ್ಜಿ ವಾಪಸು ಬಂದರೆ ಜಗಳಕ್ಕೆ ನಿಲ್ಲಬೇಡಿ, ಈ ಅನುಚ್ಛೇದದ ಸಂಖ್ಯೆ ಹೇಳಿ. ಆದರೆ ಒಂದು ಮಾತು ನೆನಪಿರಲಿ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಆ ಅನುಚ್ಛೇದ ಹೇಳುವುದಿಲ್ಲ. ಇಲ್ಲದ್ದನ್ನು ಇದೆ ಎಂದು ವಾದಿಸಿದರೆ ಇರುವುದೂ ಕೈಬಿಟ್ಟು ಹೋಗುತ್ತದೆ.

ಇನ್ನು ನಮ್ಮ ಮನೆಯ ಕಸವನ್ನೂ ಸ್ವಲ್ಪ ಗುಡಿಸೋಣ. ನಿಮಗೆ ಕಹಿಯಾದರೂ ಹೇಳುತ್ತೇನೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು, ನಮ್ಮ ಪತ್ರಿಕೆಯವರು, ಕಚೇರಿಯವರು, ಕಡೆಗೆ ನಮ್ಮ ಸಂಘಟನೆಗಳ ಕರಪತ್ರ ಬರೆಯುವವರು ಕೂಡ ‘ಎನಿ’ ಕಂಡಲ್ಲೆಲ್ಲ ‘ಯಾವುದೇ’ ಎಂಬ ಒಂದೇ ಮೊಳೆ ಹೊಡೆಯುತ್ತಿದ್ದಾರೆ. ‘ಯಾವುದೇ ಪ್ರಾಣಹಾನಿ ಸಂಭವಿಸಿಲ್ಲ.’ ‘ಯಾವುದೇ ತೊಂದರೆ ಇಲ್ಲ.’ ‘ಯಾವುದೇ ವ್ಯಕ್ತಿಯು ಅರ್ಜಿ ಸಲ್ಲಿಸಬಹುದು.’ ‘ಯಾವುದೇ ದಾಖಲೆ ಲಗತ್ತಿಸಿ.’ ನಿಮ್ಮ ತಾಯಿ ಹೀಗೆ ಮಾತಾಡುತ್ತಾರೆಯೇ? ‘ಜೀವಕ್ಕೇನೂ ಅಪಾಯ ಆಗಿಲ್ಲ’, ‘ಏನೂ ತೊಂದರೆಯಿಲ್ಲ’, ‘ಯಾರು ಬೇಕಾದರೂ ಅರ್ಜಿ ಹಾಕಬಹುದು’ ಎನ್ನುತ್ತಾರೆ. ಕೊನೆಯ ವಾಕ್ಯದಲ್ಲಂತೂ ಅಪಾಯವೇ ಇದೆ. ‘ಯಾವುದಾದರೂ ಒಂದು ದಾಖಲೆ ಲಗತ್ತಿಸಿ’ ಎಂದರೆ ಪಟ್ಟಿಯಲ್ಲಿರುವ ಒಂದು ಕಾಗದ ಸಾಕು. ‘ಯಾವುದೇ ದಾಖಲೆ’ ಎಂದರೆ ಒಂದು ಸಾಕೋ, ಎಲ್ಲವೂ ಬೇಕೋ? ಹಳ್ಳಿಯಿಂದ ಬಂದವರು ಹೆದರಿ ಇದ್ದಬದ್ದ ಕಾಗದವನ್ನೆಲ್ಲ ಜೆರಾಕ್ಸ್ ಮಾಡಿಸುತ್ತಾರೆ, ಇಲ್ಲವೇ ಬಸ್ಸು ಹತ್ತಿ ವಾಪಸು ಹೋಗುತ್ತಾರೆ. ಐದು ಬಾಲಗಳಿರುವ ಭಾಷೆಯನ್ನು ನಾವೇ ಬಾಲ ಕತ್ತರಿಸಿ ಮೋಟು ಮಾಡುತ್ತಿದ್ದೇವೆ. ಇಂಗ್ಲಿಷಿನ ಮಸುಕನ್ನು ಕನ್ನಡದ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡವಾಗುವುದಿಲ್ಲ.

ಆದ್ದರಿಂದ ನಾವು ಮಾಡಬೇಕಾದದ್ದು ಏನು? ಘೋಷಣೆ ಕೂಗುವುದು ನಿಮಗೆ ಬರುತ್ತದೆ, ಅದನ್ನು ನಾನು ಕಲಿಸಬೇಕಿಲ್ಲ. ಮೂರು ಸಣ್ಣ ಕೆಲಸ ಹೇಳುತ್ತೇನೆ.

ಒಂದು, ಬ್ಯಾಂಕಿಗೆ ಹೋದಾಗ ಕನ್ನಡದ ಫಾರಂ ಕೇಳಿ. ಇದು ಭಿಕ್ಷೆಯಲ್ಲ. ಖಾತೆ ತೆರೆಯುವ ನಮೂನೆ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಮೊದಲಾಗಿ ಸಾಮಾನ್ಯ ಗ್ರಾಹಕರು ಬಳಸುವ ಮುದ್ರಿತ ಸಾಮಗ್ರಿಯೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆ ಮೂರರಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕು ಗ್ರಾಹಕ ಸೇವೆ ಕುರಿತ 2015ರ ಜುಲೈ 1ರ ತನ್ನ ಪ್ರಧಾನ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಕೇಳುವವರಿಲ್ಲದಿದ್ದರೆ ಕನ್ನಡದ ಫಾರಂ ಬೀರುವಿನಲ್ಲೇ ಹಳದಿಯಾಗುತ್ತದೆ.

ಎರಡು, ಜಂಟಿ ಖಾತೆ ಇರುವವರು ಈ ವಾರವೇ ಹೋಗಿ ‘ನಮ್ಮ ಖಾತೆಯಲ್ಲಿ ಯಾರು ಬೇಕಾದರೂ ಒಬ್ಬರೇ ತೆಗೆಯಬಹುದೋ, ಎಲ್ಲರ ಸಹಿಯೂ ಬೇಕೋ?’ ಎಂದು ಕನ್ನಡದಲ್ಲೇ ಕೇಳಿ ತಿಳಿದುಕೊಳ್ಳಿ. ತಪ್ಪಾಗಿದ್ದರೆ ಎಲ್ಲರೂ ಸಹಿ ಹಾಕುವ ಸ್ಥಿತಿಯಲ್ಲಿ ಇರುವಾಗಲೇ ಬದಲಾಯಿಸಿಕೊಳ್ಳಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗದು.

ಮೂರು, ನಿಮ್ಮಲ್ಲಿ ಇಂಗ್ಲಿಷ್ ಬಲ್ಲವರು ಆ ಬಲ್ಲತನವನ್ನು ಗತ್ತಿಗೆ ಇಟ್ಟುಕೊಳ್ಳಬೇಡಿ, ನಾನು ಇಟ್ಟುಕೊಂಡ ಹಾಗೆ. ಪಕ್ಕದ ಮನೆಯವರ ನೋಟೀಸನ್ನು ಓದಿ ಹೇಳಿ. ‘ಎನಿ’ ಬಂದಾಗ ನಿಲ್ಲಿ. ಇದು ಯಾರೋ, ಯಾರೂ, ಯಾರಾದರೂ, ಯಾರು ಬೇಕಾದರೂ, ಯಾರೇ ಆಗಲಿ, ಇವುಗಳಲ್ಲಿ ಯಾವುದು ಎಂದು ಕೇಳಿಕೊಳ್ಳಿ. ತಿಳಿಯದಿದ್ದರೆ ‘ತಿಳಿಯದು, ಬರೆದವರನ್ನೇ ಕೇಳೋಣ’ ಎನ್ನಿ. ಅದು ಅವಮಾನವಲ್ಲ.

ಈಗ ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ನಾನು ಇದೇ ವಾಚನಾಲಯದ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರುತ್ತೇನೆ. ಯಾರು ಬೇಕಾದರೂ ಯಾವ ಕಾಗದವನ್ನೇ ಆದರೂ ತರಬಹುದು. ಓದಿ ಕನ್ನಡದಲ್ಲಿ ಹೇಳುತ್ತೇನೆ. ಕಾಸು ಬೇಡ. ಮೊದಲನೆಯ ಭಾನುವಾರ ಬಂದವರು ನನ್ನ ಅತ್ತಿಗೆಯೇ. ಬಳೆ ಬಿಡಿಸಿಕೊಂಡು ಬಂದಿದ್ದರು. ಅಡವಿನ ಅಂಗಡಿಯವರು ಕೊಟ್ಟ ಇಂಗ್ಲಿಷ್ ರಸೀದಿಯನ್ನು ಮೇಜಿನ ಮೇಲಿಟ್ಟು, ‘‘ಇದನ್ನೂ ಒಂದು ಸಾರಿ ಓದಿ ಹೇಳಪ್ಪಾ, ಇನ್ನೇನಾದರೂ ಬಾಕಿ ಇದೆಯೇನೋ’’ ಎಂದರು. ಓದಿದೆ. ಈ ಸಲ ಒಂದು ಅಕ್ಷರವನ್ನೂ ಬಿಡದೆ ಓದಿದೆ. ‘‘ಏನೂ ಬಾಕಿ ಇಲ್ಲ ಅತ್ತಿಗೆ’’ ಎಂದೆ.